ರೆಫರ್ ಪುಸ್ತಕ ತೆರೆದು ನೋಡಿ: ಸಣ್ಣ ಊರಿನ ಆಸ್ಪತ್ರೆಗಳ ಕುರಿತು ಒಂದು ಬಹಿರಂಗ ಪತ್ರ

ಕರ್ನಾಟಕದ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆಯ ಅಧಿಕಾರಿಗಳಿಗೆ, ಶಾಸಕರಿಗೆ, ತಾಲ್ಲೂಕು ಆಸ್ಪತ್ರೆ ಮತ್ತು ಸಮುದಾಯ ಆರೋಗ್ಯ ಕೇಂದ್ರಗಳ ಆರೋಗ್ಯ ರಕ್ಷಾ ಸಮಿತಿಗಳ ಸದಸ್ಯರಿಗೆ,

ಮಾನ್ಯರೇ,

ಸಣ್ಣ ಊರಿನ ಸರ್ಕಾರಿ ಆಸ್ಪತ್ರೆಯ ಹೆರಿಗೆ ವಾರ್ಡಿನ ಮೇಜಿನ ಮೇಲೆ, ದಾಖಲಾತಿ ಪುಸ್ತಕದ ಅಡಿಯಲ್ಲಿ, ಗಟ್ಟಿ ರಟ್ಟಿನ ಇನ್ನೊಂದು ಉದ್ದನೆಯ ಪುಸ್ತಕ ಇರುತ್ತದೆ. ಅದು ರೆಫರ್ ಪುಸ್ತಕ, ಇಲ್ಲಿಂದ ದೊಡ್ಡ ಆಸ್ಪತ್ರೆಗೆ ಕಳಿಸಿದವರ ದಾಖಲೆ. ತಾರೀಕು, ಹೆಸರು, ವಯಸ್ಸು, ಊರು, ಬಂದ ಹೊತ್ತು, ಕಳಿಸಿದ ಹೊತ್ತು, ಕೊನೆಗೆ ‘ಕಾರಣ’ ಎಂಬ ಅಂಕಣ. ಆ ಅಂಕಣದಲ್ಲಿ ಪುಟದ ಮೊದಲ ಸಾಲಿಗೆ ‘ಹೆಚ್ಚಿನ ಚಿಕಿತ್ಸೆಗಾಗಿ’ ಎಂದಿರುತ್ತದೆ. ಅದರ ಕೆಳಗಿನ ಸಾಲುಗಳಿಗೆಲ್ಲ ‘ಮೇಲಿನಂತೆಯೇ’ ಎನ್ನುವ ಎರಡು ಪುಟ್ಟ ಗೀಟು. ಒಬ್ಬೊಬ್ಬ ಗರ್ಭಿಣಿಯನ್ನು, ಹಾವು ಕಚ್ಚಿದ ಒಬ್ಬೊಬ್ಬ ರೈತನನ್ನು ನಡುರಾತ್ರಿ 60-70 ಕಿಲೋಮೀಟರ್ ದೂರಕ್ಕೆ ಏಕೆ ಕಳಿಸಬೇಕಾಯಿತು ಎಂಬುದು ಆ ಎರಡು ಗೀಟಿನೊಳಗೆ ಮುಚ್ಚಿಹೋಗಿದೆ.

ನಮ್ಮ ಕೋರಿಕೆ ಒಂದೇ. ಹೊಸ ಕಟ್ಟಡಕ್ಕೆ ಗುದ್ದಲಿ ಪೂಜೆ ಮಾಡುವ ಮುನ್ನ, 30 ಹಾಸಿಗೆಯ ಆಸ್ಪತ್ರೆಯನ್ನು 100 ಹಾಸಿಗೆಗೆ ಮೇಲ್ದರ್ಜೆಗೇರಿಸುವ ಕಡತಕ್ಕೆ ಸಹಿ ಹಾಕುವ ಮುನ್ನ, ಆ ಪುಸ್ತಕ ತರಿಸಿಕೊಂಡು ಓದಿ. ಹೆಚ್ಚಿನ ಚಿಕಿತ್ಸೆ ಎಂದರೆ ಯಾವ ಚಿಕಿತ್ಸೆ, ಅದು ಇಲ್ಲೇ ಏಕೆ ಆಗಲಿಲ್ಲ ಎಂದು ಸಾಲು ಸಾಲಿಗೂ ಕೇಳಿ. ಆಗ ನಿಜವಾದ ಉತ್ತರಗಳು ಹೊರಬರುತ್ತವೆ: ಅರಿವಳಿಕೆ ಡಾಕ್ಟರು ರಜೆಯಲ್ಲಿದ್ದರು, ರಕ್ತ ಇರಲಿಲ್ಲ, ಜನರೇಟರ್ ಚಾಲೂ ಆಗಲಿಲ್ಲ, ಔಷಧ ಉಗ್ರಾಣದ ಬೀಗದ ಕೈ ಸಿಗಲಿಲ್ಲ. ಇವುಗಳಲ್ಲಿ ಕಟ್ಟಡದಿಂದ ನೀಗುವಂಥದ್ದು ಒಂದೂ ಇಲ್ಲ. ಇಂಥ ಆಸ್ಪತ್ರೆಗಳ ಲೇಬರ್ ರೂಮು, ಲ್ಯಾಬು, ಉಗ್ರಾಣಗಳ ಕೆಲಸ ಬಲ್ಲವರಾಗಿ, ಎಲ್ಲೆಲ್ಲಿ ಏನೇನು ಕೈಕೊಡುತ್ತದೆ ಎಂಬುದನ್ನು ನಿಮ್ಮ ಮುಂದೆ ಇಡುತ್ತಿದ್ದೇವೆ.

ಈ ಆಸ್ಪತ್ರೆಗಳ ಹುಟ್ಟನ್ನು ಮೊದಲು ನೆನೆಯಬೇಕು. ಅವೆಲ್ಲ ಒಂದೇ ಬೇರಿನಿಂದ ಬಂದವಲ್ಲ. ಕೆಲವು ಊರುಗಳಿಗೆ ಮಿಷನ್ನಿನವರು ಮೊದಲು ಬಂದರು. ಉಡುಪಿಯಲ್ಲಿ ಬಾಸೆಲ್ ಮಿಷನ್ನಿನ ಡಾ. ಈವಾ ಲೊಂಬಾರ್ಡ್ 1923ರಲ್ಲಿ ಆರಂಭಿಸಿದ ಚಿಕಿತ್ಸಾಲಯ ಮುಂದೆ ಅವರದೇ ಹೆಸರಿನ ಸ್ಮಾರಕ ಆಸ್ಪತ್ರೆಯಾಯಿತು. ಮೈಸೂರು ಸಂಸ್ಥಾನ 1930ರ ದಶಕದಲ್ಲಿ ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವು ಪಡೆದು ಅಂದಿನ ಕ್ಲೋಸ್‌ಪೇಟೆ, ಇಂದಿನ ರಾಮನಗರದಲ್ಲಿ ಗ್ರಾಮೀಣ ಆರೋಗ್ಯದ ಕೆಲಸಕ್ಕೂ ತರಬೇತಿಗೂ ಒಂದು ಕೇಂದ್ರ ಕಟ್ಟಿತು. ಬೇರೆ ಕಡೆಗಳಲ್ಲಿ ಇದ್ದದ್ದು ಲೋಕಲ್ ಫಂಡ್ ಡಿಸ್ಪೆನ್ಸರಿ: ಒಬ್ಬ ಡಾಕ್ಟರು, ಒಬ್ಬ ಕಾಂಪೌಂಡರು, ಮನೆಯಿಂದ ತಂದ ಬಾಟಲಿಗೆ ಹುಯ್ದು ಕೊಡುವ ಮಿಕ್ಸ್ಚರು. ಊರಿನ ವರ್ತಕರು ತಂದೆತಾಯಿಯ ನೆನಪಿಗೆಂದು ಕಟ್ಟಿಸಿಕೊಟ್ಟ ಹೆರಿಗೆ ವಾರ್ಡುಗಳು ಇಂದಿಗೂ ಅಲ್ಲಲ್ಲಿ ನಿಂತಿವೆ, ಸುಣ್ಣ ಬಳಿದು ಬಳಿದು ಅಕ್ಷರ ಮಾಸಿದ ಕಲ್ಲಿನ ಫಲಕದ ಸಮೇತ. ಸರ್ಕಾರದ ಯೋಜನೆ ಬರುವ ಮೊದಲೇ ಊರವರು ಆಸ್ಪತ್ರೆ ನಮ್ಮದು ಎಂದುಕೊಂಡಿದ್ದಕ್ಕೆ ಆ ಕಲ್ಲುಗಳೇ ಸಾಕ್ಷಿ.

ದೇಶದ ಆರೋಗ್ಯ ವ್ಯವಸ್ಥೆ ಹೇಗಿರಬೇಕೆಂದು ಹೇಳಲು 1943ರಲ್ಲಿ ನೇಮಕವಾದ ಭೋರ್ ಸಮಿತಿ 1946ರಲ್ಲಿ ವರದಿ ಕೊಟ್ಟಿತು. 40,000 ಜನಕ್ಕೆ ಒಂದು ಪ್ರಾಥಮಿಕ ಘಟಕದಿಂದ ಆರಂಭಿಸಿ, ಮುಂದೆ 10ರಿಂದ 20 ಸಾವಿರ ಜನಕ್ಕೆ 75 ಹಾಸಿಗೆಯ ಆಸ್ಪತ್ರೆ ಇರುವಲ್ಲಿಗೆ ತಲುಪಬೇಕು ಎಂಬುದು ಅದರ ಕನಸು. 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಕಾರ್ಯಕ್ರಮ ಶುರುವಾದಾಗ ಬ್ಲಾಕಿಗೊಂದು ಪ್ರಾಥಮಿಕ ಆರೋಗ್ಯ ಕೇಂದ್ರ ಬರತೊಡಗಿತು. ಹತ್ತು ವರ್ಷದ ಬಳಿಕ ಬಂದ ಮೊದಲಿಯಾರ್ ಸಮಿತಿಯ ವರದಿಯನ್ನು ಮಾತ್ರ ಈಗ ನೆನೆಯುವವರು ಕಡಿಮೆ. ಅದರ ಅಧ್ಯಕ್ಷರಾಗಿದ್ದ ಡಾ. ಎ. ಲಕ್ಷ್ಮಣಸ್ವಾಮಿ ಮೊದಲಿಯಾರ್ ಸ್ವತಃ ಹೆರಿಗೆ ತಜ್ಞರು. ಹೊಸ ಕೇಂದ್ರಗಳನ್ನು ತೆರೆಯುವ ಮೊದಲು ಇರುವ ಕೇಂದ್ರಗಳನ್ನು ಗಟ್ಟಿಮಾಡಿ ಎಂದು ಆ ಸಮಿತಿ 1962ರಲ್ಲೇ ಹೇಳಿತ್ತು. ಈ ಪತ್ರದಲ್ಲಿ ನಾವು ಕೇಳುತ್ತಿರುವುದೂ ಅದನ್ನೇ.

ಆಮೇಲೆ ಈಗಿನ ಏಣಿ ರೂಪುಗೊಂಡಿತು. ಬಯಲು ಸೀಮೆಯಲ್ಲಿ 30,000 ಜನಕ್ಕೆ, ಗುಡ್ಡಗಾಡಿನಲ್ಲಿ 20,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ. ಅಂಥ ನಾಲ್ಕು ಕೇಂದ್ರಗಳಿಗೆ ಆಸರೆಯಾಗಿ ಬಯಲಿನಲ್ಲಿ 1,20,000 ಜನಕ್ಕೆ, ಗುಡ್ಡಗಾಡಿನಲ್ಲಿ 80,000 ಜನಕ್ಕೆ ಒಂದು ಸಮುದಾಯ ಆರೋಗ್ಯ ಕೇಂದ್ರ. ಅಲ್ಲಿ 30 ಹಾಸಿಗೆ, ಒಂದು ಆಪರೇಷನ್ ಥಿಯೇಟರ್, ಲೇಬರ್ ರೂಮು, ಎಕ್ಸ್‌ರೇ, ಲ್ಯಾಬು. ತಜ್ಞರು ನಾಲ್ವರು: ಶಸ್ತ್ರಚಿಕಿತ್ಸಕರು, ಫಿಸಿಷಿಯನ್, ಹೆರಿಗೆ ತಜ್ಞರು, ಮಕ್ಕಳ ತಜ್ಞರು.

ಈ ಪಟ್ಟಿಯನ್ನು ಇನ್ನೊಮ್ಮೆ ಓದಿ. ಕೊಯ್ಯುವ ಡಾಕ್ಟರು ಇಬ್ಬರಿದ್ದಾರೆ, ಅರಿವಳಿಕೆ ಕೊಡುವವರು ಒಬ್ಬರೂ ಇಲ್ಲ. 2007ರಲ್ಲಿ ಭಾರತೀಯ ಸಾರ್ವಜನಿಕ ಆರೋಗ್ಯ ಮಾನದಂಡಗಳು ಬಂದಾಗ ಅರಿವಳಿಕೆ ತಜ್ಞರು ಪಟ್ಟಿಗೆ ಸೇರಿದರು. ಅಷ್ಟರಲ್ಲಿ ಎಷ್ಟೋ ಥಿಯೇಟರುಗಳು ಹುಟ್ಟಿನಿಂದಲೇ ಬೀಗ ಹಾಕಿಕೊಂಡು, ಕೊನೆಗೆ ಮುರಿದ ಮಂಚ, ಹಳೆಯ ಫೈಲುಗಳ ಕೋಣೆಗಳಾಗಿದ್ದವು. ಈ ಕೊರತೆ ತುಂಬಲೆಂದೇ ಎಂಬಿಬಿಎಸ್ ಡಾಕ್ಟರುಗಳಿಗೆ 18 ವಾರಗಳ ಜೀವರಕ್ಷಕ ಅರಿವಳಿಕೆ ತರಬೇತಿ ಆರಂಭವಾಯಿತು. ಒಳ್ಳೆಯ ಯೋಚನೆ. ಆದರೆ ತರಬೇತಿ ಮುಗಿಸಿದವರನ್ನು ಥಿಯೇಟರ್ ನಡೆಯದ ಆಸ್ಪತ್ರೆಗೆ ಹಾಕಿದರೆ ಆರು ತಿಂಗಳಲ್ಲಿ ಕೈ ಪಳಗಿದ್ದು ಮರೆತುಹೋಗುತ್ತದೆ. ಇಂಥವರಿಗೆ ವಾರಕ್ಕೆ ಕೆಲವು ಕೇಸಾದರೂ ಸಿಗಬೇಕು, ಕಷ್ಟದ ಕೇಸಿಗೆ ಫೋನಿನಲ್ಲಿ ಕೇಳಲು ಜಿಲ್ಲಾ ಆಸ್ಪತ್ರೆಯ ಹಿರಿಯರೊಬ್ಬರು ಗೊತ್ತಾಗಿರಬೇಕು.

‘ಹುದ್ದೆ ಭರ್ತಿಯಾಗಿದೆ’ ಎಂಬ ಮಾತನ್ನೂ ಲೆಕ್ಕ ಹಾಕಿ ನೋಡಬೇಕು. ವಾರಕ್ಕೆ 168 ಗಂಟೆ. ಒಬ್ಬ ಡಾಕ್ಟರು ವಾರಕ್ಕೆ 48 ಗಂಟೆ ದುಡಿದರೂ 120 ಗಂಟೆ ಬರಿದಾಗಿಯೇ ಉಳಿಯುತ್ತದೆ. ಹೆರಿಗೆ ನೋವು ಒಪಿಡಿ ಹೊತ್ತಿಗೆ ಕಾಯುವುದಿಲ್ಲ. ಹಗಲೂ ರಾತ್ರಿ ಸಿಸೇರಿಯನ್ ಆಗಬೇಕಾದರೆ ಹೆರಿಗೆ ತಜ್ಞರು, ಅರಿವಳಿಕೆಯವರು, ಮಕ್ಕಳ ತಜ್ಞರು ಕನಿಷ್ಠ ಇಬ್ಬಿಬ್ಬರು ಬೇಕು. ರಜೆ, ಕೋರ್ಟು, ಶಿಬಿರ, ಸಭೆ ಎಲ್ಲ ಸೇರಿಸಿದರೆ ಮೂವರು. ಹಾಗಾಗಿ ಅಕ್ಕಪಕ್ಕದ ಮೂರು ಆಸ್ಪತ್ರೆಗಳಲ್ಲಿ ಒಂದೊಂದು ಕಡೆ ಒಬ್ಬೊಬ್ಬರನ್ನು ಇಟ್ಟು ಮೂರೂ ಕಡೆ ರಾತ್ರಿ ಬಾಗಿಲು ಮುಚ್ಚುವುದಕ್ಕಿಂತ, ಮೂರೂ ತಂಡವನ್ನು ಒಂದೇ ಕಡೆ ಸೇರಿಸಿ ಅಲ್ಲಿ 168 ಗಂಟೆಯೂ ಥಿಯೇಟರ್ ನಡೆಸುವುದು ಮೇಲು. ಉಳಿದೆರಡು ಊರಿನವರಿಗೆ ಇದು ಬೇಸರ ತರುತ್ತದೆ, ಶಾಸಕರಿಗೆ ಒತ್ತಡವೂ ಬರುತ್ತದೆ. ಆದರೂ 25 ಕಿಲೋಮೀಟರ್ ಆಚೆ ಖಂಡಿತ ತೆರೆದಿರುವ ಬಾಗಿಲು, ಊರೊಳಗಿದ್ದೂ ತೆರೆಯದ ಬಾಗಿಲಿಗಿಂತ ತಾಯಂದಿರಿಗೆ ಒಳ್ಳೆಯದು ಎಂದು ನಾವು ನಂಬಿದ್ದೇವೆ.

ತುರ್ತು ಸಿಸೇರಿಯನ್ ಮಾಡಬೇಕು ಎಂದು ತೀರ್ಮಾನಿಸಿದ ಮೇಲೆ ಅರ್ಧ ಗಂಟೆಯೊಳಗೆ ಕತ್ತಿ ಇಡುವುದು ಗುರಿ. ಆ ಅರ್ಧ ಗಂಟೆಗೆ ಆರು ಜನ ಬೇಕು: ಹೆರಿಗೆ ಡಾಕ್ಟರು, ಅರಿವಳಿಕೆ ಡಾಕ್ಟರು, ಉಪಕರಣ ಕೊಡುವ ಸಿಸ್ಟರ್, ಓಡಾಡುವ ಸಿಸ್ಟರ್, ಮಗುವನ್ನು ಎತ್ತಿಕೊಳ್ಳುವವರು, ಥಿಯೇಟರ್ ಸಹಾಯಕರು. ಏಳನೆಯವರು ಲ್ಯಾಬಿನಲ್ಲಿ ರಕ್ತ ಹೊಂದಿಸುವ ಟೆಕ್ನೀಷಿಯನ್. ಇವರಲ್ಲಿ ಒಬ್ಬರು ತಪ್ಪಿದರೂ ಉಳಿದ ಆರು ಜನ ಕೈಕಟ್ಟಿ ನಿಂತು 108ಕ್ಕೆ ಫೋನ್ ಮಾಡಬೇಕಾಗುತ್ತದೆ. ಎಷ್ಟೋ ಆಸ್ಪತ್ರೆಗಳಲ್ಲಿ ಡಾಕ್ಟರುಗಳು ಇರುತ್ತಾರೆ, ರಾತ್ರಿ ಪಾಳಿಯ ಟೆಕ್ನೀಷಿಯನ್ ಹುದ್ದೆಯೇ ಇರುವುದಿಲ್ಲ. ಹುಟ್ಟಿದ ಮಗು ಅಳದಿದ್ದರೆ ಒಂದೇ ನಿಮಿಷದೊಳಗೆ ಅಂಬು ಬ್ಯಾಗಿನಿಂದ ಉಸಿರು ಕೊಡಲು ಶುರುಮಾಡಬೇಕು, ನಿಮಿಷಕ್ಕೆ 40ರಿಂದ 60 ಸಲ. ಆ ಬ್ಯಾಗಿಗೆ ಕೂಸಿನ ಮುಖಕ್ಕೆ ಹೊಂದುವ ಎರಡು ಅಳತೆಯ ಮಾಸ್ಕು ಬೇಕು, ಅವಧಿ ತುಂಬಿದ ಮಗುವಿಗೆ ಒಂದು, ಅವಧಿಗೆ ಮುನ್ನ ಹುಟ್ಟಿದ್ದಕ್ಕೆ ಚಿಕ್ಕದು. ಚಿಕ್ಕ ಮಾಸ್ಕು ಕಳೆದುಹೋದದ್ದು ಗೊತ್ತಾಗುವುದು ಏಳು ತಿಂಗಳ ಮಗು ಹುಟ್ಟಿದ ಆ ನಿಮಿಷದಲ್ಲೇ. ಪಾಳಿ ಬದಲಾಗುವಾಗ ಬೀಗದ ಕೈಯ ಜತೆಗೆ ಬ್ಯಾಗು ಮತ್ತು ಎರಡು ಮಾಸ್ಕನ್ನೂ ಎಣಿಸಿ ಕೈಗೊಪ್ಪಿಸುವ ರೂಢಿ ಬಂದರೆ ಇದು ನಿಲ್ಲುತ್ತದೆ.

ರಕ್ತದ ವಿಷಯಕ್ಕೆ ಹೆಚ್ಚು ಹೊತ್ತು ಕೊಡಬೇಕು, ಏಕೆಂದರೆ ರೆಫರ್ ಪುಸ್ತಕದ ಬಹಳಷ್ಟು ಗೀಟುಗಳ ಹಿಂದೆ ಅದೇ ಇದೆ. ಸಣ್ಣ ಆಸ್ಪತ್ರೆಗೆ ರಕ್ತನಿಧಿ ಬೇಕಿಲ್ಲ, ರಕ್ತನಿಧಿಯಿಂದ ತಂದ ರಕ್ತವನ್ನು ಕಾಪಿಡುವ ರಕ್ತ ಸಂಗ್ರಹ ಘಟಕ ಸಾಕು. ವರ್ಷಕ್ಕೆ 2,000 ಯೂನಿಟ್ ಮೀರದ ಘಟಕಕ್ಕೆ ರಕ್ತನಿಧಿಯ ಪೂರ್ಣ ಪರವಾನಗಿ ಬೇಡ ಎಂದು ಕಾನೂನು ಸಡಿಲವಾಗಿ ಎರಡು ದಶಕದ ಮೇಲಾಯಿತು. ರಕ್ತ ಪೂರೈಸುವ, ಪರವಾನಗಿ ಇರುವ ‘ತಾಯಿ’ ರಕ್ತನಿಧಿಯೊಂದರ ಜತೆ ಒಪ್ಪಂದ, ರಾಜ್ಯದ ಅನುಮೋದನೆ, ತರಬೇತಾದ ಡಾಕ್ಟರು ಮತ್ತು ಟೆಕ್ನೀಷಿಯನ್, 2ರಿಂದ 6 ಡಿಗ್ರಿ ಸೆಲ್ಸಿಯಸ್ ಕಾಯುವ ರಕ್ತದ ಫ್ರಿಜ್ಜು, ಅದಕ್ಕೆ ತಾಪಮಾನ ದಾಖಲಿಸುವ ಯಂತ್ರ ಮತ್ತು ಅಲಾರಂ, ಸಾಗಿಸಲು ಶೀತಪೆಟ್ಟಿಗೆ. ಬೇಕಾದದ್ದು ಇಷ್ಟೇ.

ಆದರೂ ಅದು ಏಕೆ ನಿಂತುಹೋಗುತ್ತದೆ? ನೋಡಿದವರಿಗೆ ಗೊತ್ತಿರುವ ಕಾರಣಗಳು ಮೂರು. ಮೊದಲನೆಯದು, ಅವಧಿ ಮೀರುವ ಭಯ. ರಕ್ತ ಕೆಡದಂತೆ ಬೆರೆಸುವ ದ್ರಾವಣವನ್ನು ಅವಲಂಬಿಸಿ ಕೆಂಪು ಕಣಗಳ ಬಾಳಿಕೆ 35 ಅಥವಾ 42 ದಿನ. ನಾಲ್ಕು ಯೂನಿಟ್ ಹಾಳಾದರೆ ಆಡಿಟ್‌ನಲ್ಲಿ ವಿವರಣೆ ಕೇಳುತ್ತಾರೆ, ಹಾಗಾಗಿ ತರಿಸುವುದನ್ನೇ ನಿಲ್ಲಿಸುತ್ತಾರೆ. ಅವಧಿಗೆ ಹತ್ತು ದಿನ ಉಳಿದಿರುವಾಗಲೇ ಯೂನಿಟ್ಟನ್ನು ತಾಯಿ ರಕ್ತನಿಧಿಗೆ ಮರಳಿಸಿ ಹೊಸದು ತರುವ ಷರತ್ತನ್ನು ಒಪ್ಪಂದದಲ್ಲೇ ಬರೆದುಕೊಂಡರೆ ಈ ಭಯ ಇರುವುದಿಲ್ಲ, ದೊಡ್ಡ ಆಸ್ಪತ್ರೆಯಲ್ಲಿ ಅದು ಎರಡೇ ದಿನದಲ್ಲಿ ಬಳಕೆಯಾಗುತ್ತದೆ. ಎರಡನೆಯದು, ರಾತ್ರಿ ಹೊಂದಾಣಿಕೆ ಪರೀಕ್ಷೆ ಮಾಡುವವರಿಲ್ಲದಿರುವುದು. ಮೂರನೆಯದು, ಫ್ರಿಜ್ಜು ಜನರೇಟರಿನ ಲೈನಿನಲ್ಲಿ ಇಲ್ಲದಿರುವುದು. ವೈರಿಂಗ್ ಮಾಡುವವರು ಅದನ್ನು ಸಾಮಾನ್ಯ ಪ್ಲಗ್ಗಿಗೆ ಕೊಟ್ಟುಬಿಟ್ಟಿರುತ್ತಾರೆ. ನಮ್ಮ ಜನರಲ್ಲಿ ಒ ಮತ್ತು ಬಿ ಗುಂಪು ಹೆಚ್ಚು, ಹಾಗಾಗಿ ದಾಸ್ತಾನಿನಲ್ಲೂ ಅವೇ ಹೆಚ್ಚಿರಲಿ. ಫ್ರಿಜ್ಜಿನಿಂದ ತೆಗೆದ ಯೂನಿಟ್ ಬಳಕೆಯಾಗದಿದ್ದರೆ 30 ನಿಮಿಷದೊಳಗೆ ಒಳಗೆ ಹೋಗಬೇಕು, ಏರಿಸಲು ಶುರುಮಾಡಿದರೆ ನಾಲ್ಕು ಗಂಟೆಯೊಳಗೆ ಮುಗಿಯಬೇಕು. ವಾರ್ಡಿನ ಮಾಮೂಲಿ ಫ್ರಿಜ್ಜಿನಲ್ಲಿ ಇಟ್ಟು ಮರುದಿನ ಕೊಡುವುದು ಸಲ್ಲದು.

ರಕ್ತ ಬೇಕಾಗುವ ಹಂತಕ್ಕೇ ಹೋಗದಂತೆ ತಡೆಯುವುದು ಇನ್ನೂ ದೊಡ್ಡ ಕೆಲಸ. ಮಗು ಹುಟ್ಟಿದ ಒಂದು ನಿಮಿಷದೊಳಗೆ ತಾಯಿಗೆ 10 ಯೂನಿಟ್ ಆಕ್ಸಿಟೋಸಿನ್ ಸ್ನಾಯುವಿಗೆ ಕೊಡುತ್ತಾರೆ, ಗರ್ಭಕೋಶ ಗಟ್ಟಿಯಾಗಿ ರಕ್ತ ನಿಲ್ಲಲೆಂದು. ಈ ಔಷಧ 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಕಲಬುರಗಿ, ರಾಯಚೂರು, ಯಾದಗಿರಿಯ ಬೇಸಿಗೆಯಲ್ಲಿ 40 ಡಿಗ್ರಿ ದಾಟಿದ ಕೋಣೆಯ ಟ್ರೇನಲ್ಲಿ ದಿನಗಟ್ಟಲೆ ಕುಳಿತ ಆಂಪೂಲು ನೋಡಲು ತಿಳಿನೀರಿನಂತೆಯೇ ಇರುತ್ತದೆ, ಒಳಗಿನ ಶಕ್ತಿ ಮಾತ್ರ ಕುಂದಿರುತ್ತದೆ. ಇಂಜೆಕ್ಷನ್ ಕೊಟ್ಟರೂ ರಕ್ತ ನಿಲ್ಲಲಿಲ್ಲ ಎಂಬ ಕೇಸುಗಳಲ್ಲಿ ಇದನ್ನೂ ಸಂಶಯಿಸಬೇಕು. ಪಾಳಿಗೆ ಬೇಕಾದಷ್ಟನ್ನೇ ಫ್ರಿಜ್ಜಿನಿಂದ ತೆಗೆದು ಐಸ್ ಪ್ಯಾಕ್ ಇರುವ ಲಸಿಕೆ ಡಬ್ಬಿಯಲ್ಲಿಡುವುದು ಸುಲಭದ ದಾರಿ. ಆದರೆ ಐಸಿಗೆ ತಾಗಿ ಹೆಪ್ಪುಗಟ್ಟಬಾರದು.

ಹರಿದ ರಕ್ತವನ್ನು ಕಣ್ಣಂದಾಜಿನಲ್ಲಿ ಅಳೆದರೆ ಯಾವಾಗಲೂ ಕಡಿಮೆಯೇ ಕಾಣುತ್ತದೆ, ಬಟ್ಟೆ ಹೀರಿಕೊಂಡದ್ದು ಲೆಕ್ಕಕ್ಕೆ ಬರುವುದಿಲ್ಲ. ಸೊಂಟದ ಕೆಳಗೆ ಹಾಸುವ, ಕೊನೆಯಲ್ಲಿ ಮಿಲಿಲೀಟರ್ ಗೆರೆಗಳಿರುವ ಪ್ಲಾಸ್ಟಿಕ್ ಚೀಲ ಇದ್ದರೆ 500 ಮಿಲಿಲೀಟರ್ ದಾಟಿದ್ದು ಕಣ್ಣಿಗೆ ಹೊಡೆದಂತೆ ಕಾಣುತ್ತದೆ. ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಾದ ಆಸ್ಪತ್ರೆಗಳಲ್ಲಿ ಈ ಚೀಲದ ಜತೆಗೆ ಗರ್ಭಕೋಶ ನೀವುವುದು, ಆಕ್ಸಿಟೋಸಿನ್, ರಕ್ತಸ್ರಾವ ತಡೆಯುವ ಟ್ರಾನೆಕ್ಸಾಮಿಕ್ ಆ್ಯಸಿಡ್, ಡ್ರಿಪ್, ಒಳಪರೀಕ್ಷೆ ಇವಿಷ್ಟನ್ನೂ ಒಂದರ ಹಿಂದೊಂದು ಕಾಯದೆ ಒಟ್ಟಿಗೇ ಮಾಡಿದಾಗ ತೀವ್ರ ರಕ್ತಸ್ರಾವ ಮತ್ತು ಅದರ ದುಷ್ಪರಿಣಾಮಗಳು 60% ಕಡಿಮೆಯಾದವು. 2023ರಲ್ಲಿ ಪ್ರಕಟವಾದ ಅಧ್ಯಯನವಿದು. ಇದಕ್ಕೆ ತಜ್ಞರೂ ಬೇಡ, ಹೊಸ ಕಟ್ಟಡವೂ ಬೇಡ. ಲೇಬರ್ ರೂಮಿನಲ್ಲಿ ಇವೆಲ್ಲ ತುಂಬಿಟ್ಟ, ಬೀಗ ಹಾಕದ ಒಂದು ಪೆಟ್ಟಿಗೆ ಬೇಕು. ಬೀಗ ಹಾಕದ ಎಂದು ಬೇಕೆಂದೇ ಬರೆದಿದ್ದೇವೆ. ಉಗ್ರಾಣದ ಬೀಗದ ಕೈ ಸಂಜೆ ಐದಕ್ಕೆ ಮನೆಗೆ ಹೋಗುವ ಆಸ್ಪತ್ರೆಗಳಲ್ಲಿ ರಾತ್ರಿಯ ಔಷಧ ಬಡವರ ಕೈಯಲ್ಲಿ ಚೀಟಿಯಾಗಿ ಹೊರಗಿನ ಅಂಗಡಿಗೆ ಹೋಗುತ್ತದೆ.

ರೆಫರ್ ಮಾಡುವುದೇ ತಪ್ಪು ಎಂದು ನಾವು ಹೇಳುತ್ತಿಲ್ಲ. ತಲೆಗೆ ಪೆಟ್ಟು ಬಿದ್ದು ಸಿಟಿ ಸ್ಕ್ಯಾನ್ ಬೇಕಾದವರು, ವೆಂಟಿಲೇಟರ್ ಬೇಕಾದ ಏಳು ತಿಂಗಳ ಕೂಸು, ಹೃದಯದ ರಕ್ತನಾಳ ತೆರೆಯಬೇಕಾದವರು ಮುಂದಕ್ಕೆ ಹೋಗಲೇಬೇಕು. ಹೇಗೆ ಕಳಿಸುತ್ತೇವೆ ಎಂಬುದರಲ್ಲಿ ಜೀವ ನಿಂತಿದೆ. ಹೆರಿಗೆಯ ಬಳಿಕ ರಕ್ತ ನಿಲ್ಲದವರಿಗೆ ಟ್ರಾನೆಕ್ಸಾಮಿಕ್ ಆ್ಯಸಿಡ್ 1 ಗ್ರಾಂ ಅನ್ನು ಹತ್ತು ನಿಮಿಷದಲ್ಲಿ ನಿಧಾನವಾಗಿ ರಕ್ತನಾಳಕ್ಕೆ ಕೊಡಬೇಕು. ಹೆರಿಗೆಯಾದ ಮೂರು ಗಂಟೆಯೊಳಗೆ ಕೊಟ್ಟರೆ ಫಲ, ತಡವಾದ ಪ್ರತಿ 15 ನಿಮಿಷಕ್ಕೆ ಆ ಫಲ ಸುಮಾರು 10% ಕುಗ್ಗುತ್ತದೆ. ಒಂದೂವರೆ ಗಂಟೆಯ ದಾರಿಯಾದ ಮೇಲೆ ದೊಡ್ಡಾಸ್ಪತ್ರೆಯಲ್ಲಿ ಕೊಡುವ ಡೋಸು, ಆಂಬುಲೆನ್ಸ್ ಹತ್ತಿಸುವ ಮೊದಲು ಇಲ್ಲೇ ಕೊಟ್ಟ ಡೋಸಿಗೆ ಸಮನಲ್ಲ. ಬಸುರಿನ ನಂಜು ಏರಿ ಫಿಟ್ಸ್ ಬಂದವರಿಗೆ ಮೆಗ್ನೀಸಿಯಂ ಸಲ್ಫೇಟ್ ಕೂಡ ಹಾಗೆಯೇ. ಕಳಿಸುವ ಮುನ್ನ ಎರಡೂ ಪಿರ್ರೆಗೆ ಐದೈದು ಗ್ರಾಂ ಆಳವಾಗಿ ಕೊಡಬೇಕು. 50% ದ್ರಾವಣದ 2 ಮಿಲಿಲೀಟರ್ ಆಂಪೂಲಿನಲ್ಲಿ 1 ಗ್ರಾಂ ಇರುವುದರಿಂದ ಒಬ್ಬರಿಗೆ 10 ಆಂಪೂಲು ಬೇಕು. ಟ್ರೇನಲ್ಲಿ ನಾಲ್ಕೇ ಇದ್ದು ‘ಔಷಧ ಲಭ್ಯವಿದೆ’ ಎಂದು ತಪಾಸಣೆ ಪಟ್ಟಿಯಲ್ಲಿ ಟಿಕ್ ಬಿದ್ದರೆ ಆ ಟಿಕ್ಕಿಗೆ ಅರ್ಥವಿಲ್ಲ.

ಹಾವು ಕಡಿತದ ಮಾತು. ಕರ್ನಾಟಕ 2024ರಲ್ಲಿ ಇದನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ವಿಷಯವೆಂದು ಘೋಷಿಸಿತು, ಅದು ಸರಿಯಾದ ಹೆಜ್ಜೆ. ವಾರ್ಡಿನಲ್ಲಿ ನಡೆಯುವುದು ಬೇರೆ. ಮಂಡಲದ ಹಾವು ಕಚ್ಚಿದೆಯೇ ಎಂದು ತಿಳಿಯಲು ಯಂತ್ರ ಬೇಡ: 2 ಮಿಲಿಲೀಟರ್ ರಕ್ತವನ್ನು ಒಣಗಿದ, ಶುಭ್ರವಾದ, ಬರಿಯ ಗಾಜಿನ ಟ್ಯೂಬಿಗೆ ಹಾಕಿ 20 ನಿಮಿಷ ಅಲುಗಾಡಿಸದೆ ಇಟ್ಟು ಬಾಗಿಸಿ ನೋಡಬೇಕು. ಹೆಪ್ಪಾಗದೆ ಹರಿದರೆ ವಿಷ ಏರಿದೆ ಎಂದರ್ಥ. ಟ್ಯೂಬು ಪ್ಲಾಸ್ಟಿಕ್ಕಿನದಾದರೆ, ಅಥವಾ ಸೋಪಿನ ಪುಡಿಯಲ್ಲಿ ತೊಳೆದದ್ದಾದರೆ, ವಿಷವಿಲ್ಲದ ರಕ್ತವೂ ಹೆಪ್ಪಾಗದೆ ಹರಿದು ದಾರಿ ತಪ್ಪಿಸುತ್ತದೆ. ಈಗ ಲ್ಯಾಬುಗಳಿಗೆ ಬರುವುದೆಲ್ಲ ಪ್ಲಾಸ್ಟಿಕ್ ವ್ಯಾಕ್ಯೂಮ್ ಟ್ಯೂಬು, ಗಾಜಿನದನ್ನು ಇಂಡೆಂಟಿನಲ್ಲಿ (ಬೇಡಿಕೆ ಪಟ್ಟಿಯಲ್ಲಿ) ಬೇರೆಯಾಗಿ ಬರೆಯದಿದ್ದರೆ ಬರುವುದೇ ಇಲ್ಲ. ಅನುಮಾನವಿದ್ದರೆ ಪಕ್ಕದಲ್ಲಿ ನಿಂತ ಆರೋಗ್ಯವಂತರ ರಕ್ತವನ್ನೂ ಅದೇ ಬಗೆಯ ಟ್ಯೂಬಿನಲ್ಲಿಟ್ಟು ಹೋಲಿಸಬಹುದು.

ವಿಷ ಏರಿದ್ದು ಖಚಿತವಾದರೆ ವಿಷನಿರೋಧಕದ ಮೊದಲ ಡೋಸು ಸುಮಾರು 10 ವಯಲ್, ಮಕ್ಕಳಿಗೂ ದೊಡ್ಡವರಷ್ಟೇ, ಏಕೆಂದರೆ ಹಾವು ಮಗುವೆಂದು ಕಡಿಮೆ ವಿಷ ಬಿಡುವುದಿಲ್ಲ. ಪುಡಿ ರೂಪದ ಔಷಧವನ್ನು ಕರಗಿಸುವಾಗ ವಯಲನ್ನು ಕುಲುಕಬಾರದು, ನೊರೆ ಬರುತ್ತದೆ. ಮೆಲ್ಲಗೆ ತಿರುಗಿಸಬೇಕು. ಅಲರ್ಜಿ ಬಂದರೆ ಕೊಡಲು, ದೊಡ್ಡವರಿಗಾದರೆ 0.5 ಮಿಲಿಗ್ರಾಂ, ಅಡ್ರಿನಾಲಿನ್ ಸಿರಿಂಜಿನಲ್ಲಿ ತುಂಬಿಯೇ ಇರಬೇಕು. ಅನೇಕ ಕಡೆ ವಿಷನಿರೋಧಕ ಕೊಡದೆ ಕಳಿಸುವುದು ಔಷಧ ಇಲ್ಲವೆಂದಲ್ಲ, ಈ ಅಲರ್ಜಿಗೆ ಹೆದರಿ. ಆ ಹೆದರಿಕೆ ಹೋಗಬೇಕಾದರೆ ಅರ್ಧ ದಿನದ ತರಬೇತಿ ಸಾಕು. ಕಟ್ಟುಹಾವಿನ ಕಡಿತದಲ್ಲಿ ರೆಪ್ಪೆ ಜೋತು, ಉಗುಳು ನುಂಗಲಾಗದೆ, ಕಡೆಗೆ ಉಸಿರು ನಿಲ್ಲುತ್ತದೆ. ಅಂಥವರನ್ನು ಕಳಿಸುವಾಗ ಜತೆಗೆ ಅಂಬು ಬ್ಯಾಗ್ ಒತ್ತಬಲ್ಲವರು ಹೋಗದಿದ್ದರೆ ರೋಗಿ ದಾರಿಯಲ್ಲೇ ಹೋಗಿಬಿಡುತ್ತಾರೆ. ನಮ್ಮಲ್ಲಿ ಸಿಗುವ ವಿಷನಿರೋಧಕ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೆ ಮಾತ್ರ. ಮಲೆನಾಡಿನ ಗುಳಿಮಂಡಲಗಳ ವಿಷಕ್ಕೆ ಅದು ನಾಟುವುದಿಲ್ಲ ಎಂಬುದು ಆ ಭಾಗದ ಡ್ಯೂಟಿ ಡಾಕ್ಟರುಗಳಿಗೆಲ್ಲ ಗೊತ್ತಿರಬೇಕು.

ಆಕ್ಸಿಜನ್ನಿನ ಲೆಕ್ಕ ಸರಳ, ಆದರೆ ಗೋಡೆಯ ಮೇಲೆ ಬರೆದಿರಬೇಕು. ದೊಡ್ಡ ಸಿಲಿಂಡರಿನಲ್ಲಿ ಸುಮಾರು 7,000 ಲೀಟರ್. ನಿಮಿಷಕ್ಕೆ 10 ಲೀಟರ್ ಹರಿಸಿದರೆ ಹನ್ನೆರಡು ಗಂಟೆ ತುಂಬುವುದಿಲ್ಲ. ಸಾಗಿಸುವ ಚಿಕ್ಕ ಸಿಲಿಂಡರಿನಲ್ಲಿ 1,500 ಲೀಟರ್, ಅದೇ ವೇಗದಲ್ಲಿ ಎರಡೂವರೆ ಗಂಟೆ. ದಾರಿಯಲ್ಲಿ ಟೈರ್ ಪಂಕ್ಚರಾದರೂ ಸಾಲಬೇಕು, ಹಾಗಾಗಿ ಪ್ರಯಾಣದ ಹೊತ್ತಿನ ಎರಡು ಪಟ್ಟು ಲೆಕ್ಕ ಹಿಡಿಯಬೇಕು. ಕೋವಿಡ್ ಕಾಲದಲ್ಲಿ ಬಂದ ಆಕ್ಸಿಜನ್ ತಯಾರಿಕಾ ಘಟಕಗಳು ಸಿಕ್ಕ ಕಡೆ ಅವನ್ನು ಸುಮ್ಮನೆ ನಿಲ್ಲಿಸಬೇಡಿ. ಅವುಗಳೊಳಗೆ ಗಾಳಿಯ ನೈಟ್ರೋಜನ್ ಹೀರಿ ಆಕ್ಸಿಜನ್ ಉಳಿಸುವ ಜಿಯೋಲೈಟ್ ಹರಳುಗಳಿಗೆ ತೇವವೇ ಶತ್ರು. ವಾರಕ್ಕೊಮ್ಮೆಯಾದರೂ ಓಡಿಸಿ, ಗಾಳಿ ಒಣಗಿಸುವ ಭಾಗ ಕೆಲಸ ಮಾಡುತ್ತಿದೆಯೇ ನೋಡಿ, ಶುದ್ಧತೆ 90ರಿಂದ 96% ನಡುವೆ ಇದೆಯೇ ಅಳೆದು ಬರೆದಿಡಬೇಕು.

ಜನರೇಟರ್ ಕೈಕೊಡುವುದು ಹೆಚ್ಚಾಗಿ ಬ್ಯಾಟರಿಯಿಂದ, ಎಂಜಿನ್ನಿನಿಂದಲ್ಲ. ವಾರಕ್ಕೆ ಅರ್ಧ ಗಂಟೆ, ಅದೂ ಥಿಯೇಟರಿನ ಲೋಡು ಕೊಟ್ಟು ಓಡಿಸಬೇಕು. ಬರಿದೇ ಗುರುಗುಟ್ಟಿಸಿ ಆಫ್ ಮಾಡಿದರೆ ಪ್ರಯೋಜನವಿಲ್ಲ. ಕರೆಂಟ್ ಹೋಗಿ ಜನರೇಟರ್ ಬರುವವರೆಗಿನ ಆ ಕೆಲವು ಸೆಕೆಂಡುಗಳಿಗೆ ಥಿಯೇಟರಿನ ದೀಪ ಮತ್ತು ಮಾನಿಟರಿಗೆ ಯುಪಿಎಸ್ ಬೇಕೇ ಬೇಕು.

ಥಿಯೇಟರಿನ ಬಟ್ಟೆ, ಉಪಕರಣಗಳ ಮೂಟೆಯನ್ನು ಹಬೆಯಲ್ಲಿ ಶುದ್ಧಮಾಡುವ ಆಟೋಕ್ಲೇವಿನ ವಿಷಯದಲ್ಲಿ ಒಂದೇ ಮಾತು: ಮೂಟೆಯ ಹೊರಗೆ ಅಂಟಿಸಿದ ಟೇಪಿನ ಗೆರೆ ಕಪ್ಪಾದರೆ ಒಳಗಿನದು ಶುದ್ಧವಾಯಿತು ಎಂದಲ್ಲ, ಮೂಟೆ ಬಿಸಿ ಕಂಡಿತು ಎಂದಷ್ಟೇ. ಸುತ್ತಿದ ಮೂಟೆಗೆ 121 ಡಿಗ್ರಿ, 15 ಪೌಂಡ್ ಒತ್ತಡದಲ್ಲಿ 30 ನಿಮಿಷ ಬೇಕು. ಬಟ್ಟೆಯನ್ನು ಬಿಗಿಯಾಗಿ ತುರುಕಿದರೆ ಹಬೆ ನಡುವಿಗೆ ಹೋಗುವುದಿಲ್ಲ. ಕೋಲಾರ, ಚಿಕ್ಕಬಳ್ಳಾಪುರ ಕಡೆಯ ಗಡಸು ಬೋರ್‌ವೆಲ್ ನೀರು ಹಾಕಿದರೆ ಹೀಟರಿನ ಮೇಲೆ ಸುಣ್ಣ ಕಟ್ಟುತ್ತದೆ. ಒದ್ದೆಯಾಗಿ ಹೊರಬಂದ ಮೂಟೆಯನ್ನು ಥಿಯೇಟರಿಗೆ ಒಯ್ಯಲೇಬಾರದು. ಡಯಾಲಿಸಿಸ್ ಘಟಕವಿರುವ ತಾಲ್ಲೂಕು ಆಸ್ಪತ್ರೆಗಳಲ್ಲೂ ನೀರೇ ಮುಖ್ಯ. ನಾಲ್ಕು ಗಂಟೆಯ ಒಂದು ಸರದಿಗೆ ರೋಗಿಯ ರಕ್ತದ ಪಕ್ಕದಲ್ಲಿ ಸುಮಾರು 120 ಲೀಟರ್ ದ್ರಾವಣ ಹರಿಯುತ್ತದೆ, ಕ್ಲೋರಿನ್ ಉಳಿದಿದ್ದರೆ ಕೆಂಪು ಕಣಗಳು ಒಡೆಯುತ್ತವೆ. ಪ್ರತಿ ಸರದಿಗೆ ಮುನ್ನ ಕ್ಲೋರಿನ್ ಪರೀಕ್ಷಿಸಿದ ದಾಖಲೆ ಇದೆಯೇ ಎಂದು ಸಮಿತಿಯ ಯಾವ ಸದಸ್ಯರೂ ಕೇಳಬಹುದು.

ಇಷ್ಟೆಲ್ಲ ಕೊರತೆ ಹೇಳಿದ ಮೇಲೆ, ಈ ಆಸ್ಪತ್ರೆಗಳು ದಿನವೂ ಸದ್ದಿಲ್ಲದೆ ಮಾಡುವ ಕೆಲಸವನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ನಾಯಿ ಕಚ್ಚಿದವರ ಗಾಯವನ್ನು ಸೋಪು ಹಾಕಿ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆಸಿ, ಗಾಯದ ಸುತ್ತ ರೇಬಿಸ್ ತಡೆಯುವ ಇಮ್ಯುನೊಗ್ಲಾಬ್ಯುಲಿನ್ ಕೊಟ್ಟು, 0, 3, 7, 28ನೇ ದಿನ ಲಸಿಕೆ ಹಾಕುವುದು ಇಲ್ಲೇ. ಕ್ಷಯದ ಕಫ ಪರೀಕ್ಷೆ, ಬಿಪಿ ಮತ್ತು ಸಕ್ಕರೆ ಕಾಯಿಲೆಯ ತಿಂಗಳ ಮಾತ್ರೆ, ಮಕ್ಕಳ ಲಸಿಕೆ, ಸಂತಾನಶಕ್ತಿಹರಣ ಶಸ್ತ್ರಚಿಕಿತ್ಸೆ, ಮರಣೋತ್ತರ ಪರೀಕ್ಷೆ ಎಲ್ಲವೂ ಇಲ್ಲೇ. ಆಶಾ ಕಾರ್ಯಕರ್ತೆ ಹಳ್ಳಿಯಿಂದ ಕರೆತಂದ ಹೆಣ್ಣುಮಗಳನ್ನು ಹೆಸರು ಹಿಡಿದು ಮಾತಾಡಿಸುವ ಸಿಸ್ಟರ್‌ಗಳು ಇಲ್ಲಿದ್ದಾರೆ. ಈ ನಂಬಿಕೆ ದೊಡ್ಡ ಆಸ್ಪತ್ರೆಯಲ್ಲಿ ಸಿಗುವುದಲ್ಲ.

ರೆಫರ್ ಪುಸ್ತಕದಲ್ಲಿ ಯಾರೂ ಎಂದೂ ಬರೆಯದ ಒಂದು ಕಾರಣವೂ ಇದೆ, ಭಯ. ರಾತ್ರಿ ಒಬ್ಬರೇ ಡ್ಯೂಟಿಯಲ್ಲಿರುವ ಕಿರಿಯ ಡಾಕ್ಟರಿಗೆ, ಏನಾದರೂ ಹೆಚ್ಚುಕಡಿಮೆಯಾದರೆ ಹೊರಗೆ ನಿಂತ ಐವತ್ತು ಜನ ಒಳನುಗ್ಗುತ್ತಾರೆ ಎಂಬ ಭಯ. ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಲ್ಲೆ ತಡೆಯಲು 2009ರಲ್ಲೇ ರಾಜ್ಯದಲ್ಲಿ ಕಾಯ್ದೆಯಾಗಿದೆ. ಕಾಯ್ದೆಯ ಫಲಕ ತೂಗಿಹಾಕುವುದಕ್ಕಿಂತ ಊರಿನ ಹಿರಿಯರು, ಸಮಿತಿಯ ಸದಸ್ಯರು ಅಂಥ ರಾತ್ರಿ ಆಸ್ಪತ್ರೆಗೆ ಬಂದು ನಿಲ್ಲುವುದು ಹೆಚ್ಚು ಕೆಲಸಕ್ಕೆ ಬರುತ್ತದೆ. ಫೋನ್ ಮಾಡಿದರೆ ಬರುವ ಇಬ್ಬರು ಸದಸ್ಯರ ನಂಬರು ಡ್ಯೂಟಿ ರೂಮಿನಲ್ಲಿ ಇರಲಿ.

ಈಗ ಕೋರಿಕೆಗೆ ಬರುತ್ತೇವೆ. ರೆಫರ್ ಪುಸ್ತಕದ ‘ಕಾರಣ’ ಅಂಕಣವನ್ನು ಒಡೆದು ಹೀಗೆ ಮಾಡಿ: ರೋಗಿಗೆ ಬೇಕಾದ ಚಿಕಿತ್ಸೆ ಯಾವುದು, ಅದು ಇಲ್ಲಿ ಆಗದಿದ್ದುದು ಯಾವ ಜನ, ಯಾವ ವಸ್ತು, ಯಾವ ಯಂತ್ರ ಇಲ್ಲದ್ದಕ್ಕೆ, ಹೊರಡುವ ಮುನ್ನ ಏನು ಕೊಟ್ಟು ಕಳಿಸಲಾಯಿತು, ಮುಂದಿನ ಆಸ್ಪತ್ರೆಗೆ ಫೋನ್ ಮಾಡಿದವರು ಯಾರು, ಅಲ್ಲಿ ಒಪ್ಪಿಕೊಂಡವರು ಯಾರು, ರೋಗಿ ತಲುಪಿದ್ದು ಎಷ್ಟು ಹೊತ್ತಿಗೆ, ಏನಾಯಿತು. ಕೊನೆಯದನ್ನು ಮರುದಿನ ಬೆಳಿಗ್ಗೆ ಒಂದು ಫೋನ್ ಮಾಡಿ ತುಂಬಬಹುದು. ‘ಹೆಚ್ಚಿನ ಚಿಕಿತ್ಸೆಗಾಗಿ’ ಎಂಬ ಮಾತನ್ನೂ ಎರಡು ಗೀಟನ್ನೂ ಬರೆಯಕೂಡದು ಎಂದು ಸುತ್ತೋಲೆ ಹೊರಡಿಸಿ. ಬರೆದ ನಿಜಕ್ಕಾಗಿ ಯಾವ ಸಿಸ್ಟರ್‌ಗೂ ಡಾಕ್ಟರಿಗೂ ನೋಟಿಸ್ ಹೋಗದು ಎಂಬ ಭರವಸೆಯೂ ಅದೇ ಸುತ್ತೋಲೆಯಲ್ಲಿರಲಿ, ಇಲ್ಲವಾದರೆ ಎರಡೇ ವಾರದಲ್ಲಿ ಹಳೆಯ ಮಾತು ಬೇರೆ ವೇಷದಲ್ಲಿ ಮರಳುತ್ತದೆ.

ಆರೋಗ್ಯ ರಕ್ಷಾ ಸಮಿತಿಯ ಪ್ರತಿ ಸಭೆಯ ಮೊದಲ ವಿಷಯವಾಗಿ ಆ ಪುಟಗಳನ್ನು ಹೆಸರು ಬಿಟ್ಟು ಗಟ್ಟಿಯಾಗಿ ಓದಿ. ಬ್ಯಾಟರಿ, ಗಾಜಿನ ಟ್ಯೂಬು, ಚಿಕ್ಕ ಮಾಸ್ಕು, ಫ್ರಿಜ್ಜಿನ ವೈರಿಂಗ್ ಇಂಥವನ್ನು ಸಮಿತಿಯ ಹಣದಿಂದ ಆ ವಾರವೇ ಸರಿಪಡಿಸಬಹುದು. ಟೆಕ್ನೀಷಿಯನ್ ಹುದ್ದೆ, ಅರಿವಳಿಕೆ ತಂಡ, ರಕ್ತನಿಧಿಯ ಒಪ್ಪಂದ ಇವು ಇಲಾಖೆಯ ಕೈಯಲ್ಲಿವೆ. ಅವುಗಳಿಗಾಗಿ ಕಳಿಸುವ ಪತ್ರಕ್ಕೆ ಈ ಪುಟಗಳ ಪ್ರತಿಯನ್ನು ಲಗತ್ತಿಸಿ. ಹಾಸಿಗೆ ಹೆಚ್ಚಿಸುವ ಪ್ರಸ್ತಾವ ಬಂದಾಗ ಇಲಾಖೆಯು ಹಿಂದಿನ ಹನ್ನೆರಡು ತಿಂಗಳ ಇಂಥ ಪುಟಗಳನ್ನು ಕೇಳಿ ಪಡೆದ ನಂತರವೇ ತೀರ್ಮಾನಿಸಲಿ. ಮುಂದಿನ ಸಭೆಯ ದಿನ ಆ ರಟ್ಟಿನ ಪುಸ್ತಕವನ್ನು ಹೆರಿಗೆ ವಾರ್ಡಿನಿಂದ ತರಿಸಿ ಮೇಜಿನ ಮೇಲಿಡಿ.

ಇತಿ,
ಸಣ್ಣ ಊರಿನ ಆಸ್ಪತ್ರೆಗಳ ಕೆಲಸ ಬಲ್ಲ ಕೆಲವರು